ದಣಿಯುತ್ತಿದ್ದ ಎಂಜಿನ್ನುಗಳು

ಕರಾವಳಿಯವರಿಗೆ ದೋಣಿಯ ಮೋಟಾರು ಹೇಗೋ, ಬಯಲುಸೀಮೆಯ ನಮಗೆ ಬಾವಿಯ ಆಯಿಲ್ ಎಂಜಿನ್ನು ಹಾಗೆ. ಕಲ್ಯಾಣದುರ್ಗದ ಬಳಿ ನಮ್ಮ ತಾತನವರ ತೆರೆದ ಬಾವಿ. ಹಿಂದೂಪುರದ ಬಳಿ ಸೋದರಮಾವನವರದು ಇನ್ನೊಂದು. ಎರಡರ ದಡದಲ್ಲಿಯೂ ಯಾರೋ ದುಡಿಸಿ ಮಾರಿದ ಹಳೆಯ ಎಂಜಿನ್ನುಗಳೇ. ಅತ್ತ ವೇದಾವತಿ, ಇತ್ತ ಪೆನ್ನಾ ನದಿ ಇವೆಯಾದರೂ ವರ್ಷದ ಬಹುಭಾಗ ಅವುಗಳಲ್ಲಿ ಕಾಣುವುದು ಮರಳೇ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಹಳೆಯ ಅನಂತಪುರ ಜಿಲ್ಲೆಯಲ್ಲಿ ಬಾವಿಯೇ ನಮ್ಮ ಹೊಳೆಯಾಗಿತ್ತು.

ಎಂಜಿನ್ನು ಹೊರಡಿಸುವುದು ಮನೆಮಂದಿಯ ಕೆಲಸ. ಮೊದಲು ಪಂಪಿಗೆ ನೀರು ತುಂಬಬೇಕು. ತಳದ ಫುಟ್‌ವಾಲ್ವ್ ಸೋರುತ್ತಿದ್ದರೆ ಸುರಿದ ನೀರೆಲ್ಲ ಬಾವಿಯ ಪಾಲು. ಆಗ ಅಜ್ಜಿ ಸಗಣಿ ಕದಡಿದ ನೀರು ತರುವರು. ಅದು ಸಂದುಗಳನ್ನು ಮುಚ್ಚುವುದು. ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿದ್ದರೆ ನಟ್ಟು ಸಡಿಲಿಸಿ, ಗುಳ್ಳೆಗಳೆಲ್ಲ ಹೋಗುವವರೆಗೆ ಕಾಯಬೇಕು. ಬಳಿಕ ಒಬ್ಬರು ಒತ್ತಡ ಬಿಡಿಸುವ ಲಿವರ್ ಹಿಡಿಯುವುದು, ಇನ್ನೊಬ್ಬರು ಹ್ಯಾಂಡಲ್ ತಿರುಗಿಸುವುದು. ದೊಡ್ಡ ಚಕ್ರಕ್ಕೆ ವೇಗ ಬಂದೊಡನೆ ಲಿವರ್ ಬಿಟ್ಟರೆ, ಅದೃಷ್ಟವಿದ್ದಲ್ಲಿ, ಹೊಗೆಕೊಳವೆ ಕೆಮ್ಮುವುದು. ಇಲ್ಲವಾದರೆ ಮತ್ತೆ ಮೊದಲಿನಿಂದ. ಹ್ಯಾಂಡಲ್ ಹಿಂದಕ್ಕೆ ಹೊಡೆದು ಮಾವನವರ ಮಣಿಕಟ್ಟು ಮುರಿದ ವರ್ಷ ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸಿದವರು ಅತ್ತೆಯವರೇ.

ರಿಪೇರಿಗೆ ಬಂದ ಮೇಸ್ತ್ರಿ ತೆಲುಗಿನಲ್ಲಿ ಬೈಯುವನು, ತಾತನವರು ಕನ್ನಡದಲ್ಲಿ ಬೇಡಿಕೊಳ್ಳುವರು. ಎಂಜಿನ್ನು ಎರಡು ಭಾಷೆಗೂ ಸಮಾನವಾಗಿ ಕಿವುಡು. ಅದರ ಟುಕುಟುಕು ಸದ್ದು ನಡುವೆ ನಿಂತರೆ ನೆರೆಹೊಲದವರು ಕರೆಯದೆಯೇ ಬರುತ್ತಿದ್ದರು. ಯಾರ ಪೈರು ಒಣಗುತ್ತಿದೆಯೆಂಬುದು ಆ ಮೌನದಿಂದಲೇ ಎಲ್ಲರಿಗೂ ತಿಳಿಯುತ್ತಿತ್ತು.

ಬಳಿಕ ವಿದ್ಯುತ್ತು ಬಂದಿತು, ಕೊಳವೆಬಾವಿ ಬಂದಿತು. ಗುಂಡಿ ಒತ್ತಿದರೆ ನೀರು. ಯಾರೂ ಯಾರನ್ನೂ ಕಾಯಬೇಕಿರಲಿಲ್ಲ. ಆ ಸುಖವನ್ನು ನಾವು ಹಳಿಯಲಾರೆವು. ಅಜ್ಜಿಯ ಬೆನ್ನಿಗೆ ವಿಶ್ರಾಂತಿ ದೊರೆತದ್ದು ಅದರಿಂದಲೇ. ಆದರೆ ಹಳೆಯ ಎಂಜಿನ್ನು ಕೆಟ್ಟು ನಿಂತ ದಿನಗಳಲ್ಲಿ ಬಾವಿಯ ಸೆಲೆ ಸದ್ದಿಲ್ಲದೆ ತುಂಬಿಕೊಳ್ಳುತ್ತಿತ್ತು. ಹೊಸ ಮೋಟಾರಿಗೆ ದಣಿವಿಲ್ಲ, ನೆಲಕ್ಕೆ ದಣಿವಿದೆ. ಸುತ್ತಮುತ್ತ ಒಂದೊಂದಾಗಿ ಕೊರೆದ ಕೊಳವೆಗಳು ಆಳಕ್ಕಿಳಿದಂತೆ ತಾತನವರ ಬಾವಿಯಲ್ಲಿ ಮೊದಲು ಮೆಟ್ಟಿಲುಗಳು ಕಂಡವು, ಆಮೇಲೆ ತಳದ ಬಂಡೆ.

ಹಿಂದೂಪುರದ ಎಂಜಿನ್ನು ಗುಜರಿಗೆ ಹೋಯಿತು. ಕಲ್ಯಾಣದುರ್ಗದ್ದು ಬರಿದಾದ ಬಾವಿಯ ದಡದಲ್ಲಿಯೇ ಇದೆ. ಆಯುಧಪೂಜೆಯಂದು ನಮ್ಮ ತಾಯಿ ಮೊದಲು ಅದಕ್ಕೆ ಕುಂಕುಮವಿಟ್ಟು, ಅನಂತರ ಹೊಸ ಮೋಟಾರಿನ ಪೆಟ್ಟಿಗೆಗೆ ಇಡುತ್ತಾರೆ.