ಎಸ್.ಪಿ. ರೋಡಿನ ಮೇಷ್ಟ್ರು ಮತ್ತು ಎಂಟು ಪೋರ್ಟಿನ ಸ್ವಿಚ್ಚು

ಎಸ್.ಪಿ. ರೋಡಿನ ಅಡ್ಡಗಲ್ಲಿಯಲ್ಲಿದ್ದ ಆ ಹಳೆಯ ಕಟ್ಟಡವನ್ನು ಕೆಡವಿಬಿಟ್ಟರು. ಕೆಳಗೆ ಬೇರಿಂಗು, ಮೋಟಾರು ಮಾರುವ ಅಂಗಡಿಗಳು; ಕಡಿದಾದ ಮೆಟ್ಟಿಲು ಹತ್ತಿದರೆ ಮೇಷ್ಟ್ರ ಅಂಗಡಿ. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ತೊಂಬತ್ತರ ದಶಕದ ಬೆಂಗಳೂರಿನಲ್ಲಿ ಆಫೀಸುಗಳಿಗೆ ಕೇಬಲ್ ಎಳೆದು ಕಂಪ್ಯೂಟರ್ ಜೋಡಿಸುತ್ತಿದ್ದ ನಮ್ಮಂಥವರಿಗೆ ಆ ಮೆಟ್ಟಿಲು ಕಣ್ಣು ಮುಚ್ಚಿದರೂ ಸಿಗುತ್ತಿತ್ತು. ಮೇಷ್ಟ್ರು ಎಂದರೆ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜಾಯಿಂಟರ್ ಆಗಿದ್ದು ನಿವೃತ್ತರಾದವರು. ತಾಮ್ರದ ವಿಷಯದಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ.

ಆ ಅಂಗಡಿಗೆ ಅದರದೇ ಒಂದು ವಾಸನೆಯಿತ್ತು. ಹೊಸ ಕೇಬಲ್ ಸುರುಳಿಯ ಪಿವಿಸಿ, ಸೋಲ್ಡರಿಂಗಿನ ಹೊಗೆ, ಬೆಳಗ್ಗೆ ಹಚ್ಚಿದ ಊದುಬತ್ತಿ, ಎದುರಿನ ಹೋಟೆಲಿಂದ ಬಂದ ಕಾಫಿ. ಇಷ್ಟೂ ಸೇರಿ ಮೂಗಿಗೆ ಬಂದರೆ ಆ ದಿನದ ಕೆಲಸ ಕೆಡುವುದಿಲ್ಲ ಅನ್ನಿಸುತ್ತಿತ್ತು. ಈಗಿನ ಕೇಬಲ್ ಡಬ್ಬ ಬಿಚ್ಚಿದಾಗ ಅದರ ಒಂದು ಪಾಲು ಮಾತ್ರ ಸಿಗುತ್ತದೆ.

ನಾನು ಕೆಲಸ ಕಲಿತದ್ದು ಕೊಯಾಕ್ಸಿನ ಮೇಲೆ. ಆರ್‌ಜಿ-58 ಕೇಬಲ್ಲು, ಪ್ರತಿ ಕಂಪ್ಯೂಟರಿನ ಹಿಂದೆ ಒಂದು ಟಿ ಕನೆಕ್ಟರ್, ಎರಡು ತುದಿಗೂ ಐವತ್ತು ಓಮಿನ ಟರ್ಮಿನೇಟರ್, ಒಟ್ಟು ಉದ್ದ 185 ಮೀಟರ್ ಮೀರುವಂತಿಲ್ಲ. ಕಸ ಗುಡಿಸುವವರ ಪೊರಕೆ ಒಂದು ಟಿಗೆ ತಗುಲಿದರೆ ಸಾಕು, ಇಡೀ ಆಫೀಸು ಸ್ತಬ್ಧ. ಆಮೇಲೆ ಹಬ್ಬು ಬಂತು, ಎಲ್ಲರ ತಂತಿಯೂ ಒಂದೆಡೆ ಸೇರುವ ಪೆಟ್ಟಿಗೆ. ಒಂದು ತಂತಿ ಹೋದರೆ ಒಬ್ಬರದ್ದೇ ಕೆಲಸ ನಿಲ್ಲುತ್ತಿತ್ತು, ಅದೇ ದೊಡ್ಡ ಸುಖ. ಆದರೆ ಹಬ್ಬಿನ ಹತ್ತು ಮೆಗಾಬಿಟ್ಟು ಎಲ್ಲರಿಗೂ ಸೇರಿದ್ದು. ಇಬ್ಬರು ಒಟ್ಟಿಗೆ ಕಳಿಸಿದರೆ ಡಿಕ್ಕಿ, ಕಿತ್ತಳೆ ದೀಪ, ಮತ್ತೆ ಮೊದಲಿಂದ. ಜನ ಹೆಚ್ಚಿದಂತೆ ಆ ದೀಪ ಆರುವುದನ್ನೇ ಮರೆಯುತ್ತಿತ್ತು.

ಅದಕ್ಕೆ ಪರಿಹಾರ ಆಗಲೇ ಇತ್ತು. ಅಮೆರಿಕದಲ್ಲಿ ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಕಟ್ಟಿದ ‘ಕಲ್ಪನಾ’ ಎಂಬ ಕಂಪನಿ 1990ರಲ್ಲೇ ಏಳು ಪೋರ್ಟಿನ ಈಥರ್‌ನೆಟ್ ಸ್ವಿಚ್ ಹೊರತಂದಿತ್ತು. ಅದರಲ್ಲಿ ಪ್ರತಿ ಪೋರ್ಟಿಗೂ ತನ್ನದೇ ದಾರಿ, ಹಂಚಿಕೊಳ್ಳಬೇಕಿಲ್ಲ. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನೇ ಕೊಂಡಿತು. ಮೇಷ್ಟ್ರು ಈ ಕತೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದರು, ಮನೆಮಗನ ಸಾಧನೆಯೇನೋ ಎಂಬ ಸಂಭ್ರಮದಲ್ಲಿ.

ಚಾಮರಾಜಪೇಟೆಯ ಪ್ರೆಸ್ ಮಾಲೀಕರೊಬ್ಬರ ಜೊತೆ ಅವರು ನಡೆಸಿದ ಚೌಕಾಸಿಯನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಕ್ಯಾಲೆಂಡರ್ ಸೀಸನ್ ಹತ್ತಿರ ಬಂದಿತ್ತು. ಮಾಲೀಕರಿಗೆ ಹದಿನಾರು ಪೋರ್ಟಿನ ಹೊಸ ಹಬ್ಬು ಬೇಕು. ಮೇಷ್ಟ್ರು ಒಳಗಿನಿಂದ ಹಬ್ಬು ತರಲಿಲ್ಲ, ಪ್ರಶ್ನೆ ಕೇಳತೊಡಗಿದರು.

“ಒಂದೇ ಹೊತ್ತಿಗೆ ಎಷ್ಟು ಜನ ಫೈಲ್ ಕಳಿಸ್ತಾರೆ ಯಜಮಾನ್ರೇ?”

“ಡಿಸೈನರ್ಸ್ ನಾಲ್ಕು ಜನ. ಲೆಕ್ಕ ಬರೆಯೋರು, ಟೈಪ್ ಮಾಡೋರು ಬೇರೆ.”

“ಒಂದು ಪುಟ ಎಷ್ಟು ಭಾರ?”

ಭಾರದ ಲೆಕ್ಕ ಮಾಲೀಕರಿಗೆ ಗೊತ್ತಿರಲಿಲ್ಲ, ಮೇಷ್ಟ್ರೇ ಹಾಕಿದರು. ಎ4 ಅಳತೆಯ ನಾಲ್ಕು ಬಣ್ಣದ ಚಿತ್ರ, 300 ಡಿಪಿಐ ಅಂದರೆ ಸುಮಾರು 35 ಎಂಬಿ. ಹತ್ತು ಮೆಗಾಬಿಟ್ಟಿನಲ್ಲಿ ಬೇರೆ ಯಾರೂ ಅಡ್ಡ ಬರದಿದ್ದರೂ ಅರ್ಧ ನಿಮಿಷ. ನಾಲ್ವರೂ ಒಟ್ಟಿಗೆ ಕಳಿಸಿದರೆ, ನಡುವೆ ಲೆಕ್ಕದವರೂ ಬಿಲ್ ತೆಗೆದರೆ, ಹೋಗಿ ಕಾಫಿ ಕುಡಿದು ಬನ್ನಿ. ನೂರು ಮೆಗಾಬಿಟ್ಟಿನ ಸ್ವಿಚ್ಚಿನಲ್ಲಿ ಅದೇ ಪುಟಕ್ಕೆ ಮೂರು ಸೆಕೆಂಡು.

“ಬೆಲೆ?” ಎಂದರು ಮಾಲೀಕರು. ಹೇಳಿದಾಗ ಎದ್ದೇಬಿಟ್ಟರು. “ಅದೇ ತೂತು, ಅದೇ ದೀಪ. ಇದಕ್ಯಾಕೆ ಅಷ್ಟೊಂದು ಮೇಷ್ಟ್ರೇ?”

ಬೇರೆ ಅಂಗಡಿಯವರಾಗಿದ್ದರೆ ಹಬ್ಬು ಕಟ್ಟಿಕೊಟ್ಟು ಕಳಿಸುತ್ತಿದ್ದರು, ಇಲ್ಲವೇ ಹದಿನಾರು ಪೋರ್ಟಿನ ಸ್ವಿಚ್ಚನ್ನೇ ತಲೆಗೆ ಕಟ್ಟುತ್ತಿದ್ದರು. ಮೇಷ್ಟ್ರು ಅವರನ್ನು ಕೂರಿಸಿ ಬಿಲ್ ಪುಸ್ತಕದ ಹಿಂದೆ ಚಿತ್ರ ಬರೆದರು. ಸರ್ವರ್, ಫಿಲ್ಮ್ ತೆಗೆಯುವ ಯಂತ್ರದ ಕಂಪ್ಯೂಟರು, ನಾಲ್ಕು ಡಿಸೈನರುಗಳು, ಇಷ್ಟೂ ಎಂಟು ಪೋರ್ಟಿನ ಸ್ವಿಚ್ಚಿಗೆ. ಏಳನೆಯ ಪೋರ್ಟಿಗೆ ನಿಮ್ಮ ಹಳೇ ಹಬ್ಬು, ಅದರಲ್ಲಿ ಲೆಕ್ಕದವರು, ಟೈಪಿನವರು. ಅವರ ಡಿಕ್ಕಿ ಅವರಲ್ಲೇ ಮುಗಿಯುತ್ತದೆ, ಡಿಸೈನರುಗಳವರೆಗೆ ಬರುವುದಿಲ್ಲ. ಹೊಸ ಹಬ್ಬು ಬೇಡವೇ ಬೇಡ. ತಮಗೆ ಬರಬಹುದಾಗಿದ್ದ ದೊಡ್ಡ ವ್ಯಾಪಾರವನ್ನು ತಾವೇ ಅರ್ಧಕ್ಕೆ ಇಳಿಸಿದರು. ಆಮೇಲೂ ಮಾಲೀಕರು ಐನೂರು ಬಿಡಿ ಅಂದರು, ಮೇಷ್ಟ್ರು ಇನ್ನೂರು ಬಿಟ್ಟರು, ಕಾಫಿ ತರಿಸಿದರು.

ಸಂಜೆ ಜೋಡಿಸಲು ನನ್ನೊಂದಿಗೆ ತಾವೇ ಬಂದರು. ಪ್ರೆಸ್ಸಿನಲ್ಲಿ ಹಿಂದೆ ಯಾರೋ ಸರ್ವರಿನ ಕಾರ್ಡನ್ನು ಫುಲ್ ಡ್ಯುಪ್ಲೆಕ್ಸಿಗೆ, ಅಂದರೆ ಎರಡೂ ದಿಕ್ಕಿಗೆ ಒಟ್ಟಿಗೆ ಓಡುವಂತೆ, ಬಿಗಿದು ಹೋಗಿದ್ದರು. ಸ್ವಿಚ್ಚು ಆಟೋದಲ್ಲಿತ್ತು. ಎದುರು ಕಡೆಯಿಂದ ಉತ್ತರ ಸಿಗದೆ ಅದು ಹಾಫಿಗೆ, ಸರದಿಯಲ್ಲಿ ಓಡುವುದಕ್ಕೆ, ಇಳಿಯುತ್ತದೆ. ದೀಪ ಹಸಿರಾಗಿಯೇ ಉರಿಯುತ್ತದೆ, ಫೈಲು ಮಾತ್ರ ತೆವಳುತ್ತದೆ. ಹಸಿರು ದೀಪ ನೋಡಿ ಮನೆಗೆ ಹೋಗುವವರಲ್ಲ ಮೇಷ್ಟ್ರು. ದೊಡ್ಡ ಫೈಲೊಂದನ್ನು ಕಳಿಸಿ, ಗಡಿಯಾರ ನೋಡಿ, ಎರಡೂ ಕಡೆ ಆಟೋ ಮಾಡಿ, ಮತ್ತೆ ಕಳಿಸಿ ನೋಡಿದ ಮೇಲೆಯೇ ಹೊರಟದ್ದು.

ಹಳೆಯ ಎಸ್.ಪಿ. ರೋಡನ್ನು ಹೊಗಳಿಯೇ ಬಿಟ್ಟರೆ ಸುಳ್ಳಾಗುತ್ತದೆ. ಅರ್ಧಕ್ಕರ್ಧ ವ್ಯಾಪಾರ ಕಚ್ಚಾ ಬಿಲ್ಲಿನದು. ಬಳಸಿದ ಹಬ್ಬನ್ನು ಒರೆಸಿ ಹೊಸ ಡಬ್ಬಕ್ಕೆ ಹಾಕಿ ಮಾರಿದವರಿದ್ದರು. ವಾರಂಟಿ ಎಂದರೆ ಅಂಗಡಿಯವನ ಮುಖಪರಿಚಯ. ದೂರದ ಊರಿಂದ ಬಂದವರಿಗೆ ಒಂದು ಬೆಲೆ, ನಮಗೊಂದು. ಮೇಷ್ಟ್ರಂಥವರು ಆ ರಸ್ತೆಯಲ್ಲೂ ಬೆರಳೆಣಿಕೆಯಷ್ಟೇ. ಇಂದಿನ ಸಾಧಾರಣ ಗಿಗಾಬಿಟ್ ಸ್ವಿಚ್ಚು ಅಂದಿನ ದುಬಾರಿ ಪೆಟ್ಟಿಗೆಗಿಂತ ಎಲ್ಲ ಲೆಕ್ಕದಲ್ಲೂ ಮೇಲು: ಫ್ಯಾನಿಲ್ಲ, ಸದ್ದಿಲ್ಲ, ಕ್ರಾಸ್ ಕೇಬಲ್ಲಿನ ಗೋಜಿಲ್ಲ. ವಸ್ತು ಸುಧಾರಿಸಿದೆ. ಕೇಳಿ ಕೊಡುವವರು ಹೋದರು.

ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದಳು. ವಿಡಿಯೊ ಎಡಿಟಿಂಗಿಗೆ ಸಣ್ಣ ಸ್ಟುಡಿಯೊ ಮಾಡುತ್ತಿದ್ದಾಳೆ. “ಮಾಮ, ಎಂಟು ಪೋರ್ಟಿನ ಸ್ವಿಚ್ಚು, ಯಾವುದು ತಗೊಳ್ಳಲಿ? ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್ ಇದೆ.” ಎಷ್ಟು ಜನ ಒಟ್ಟಿಗೆ ಕೆಲಸ ಮಾಡುತ್ತೀರಿ, ಫೈಲು ಎಲ್ಲಿರುತ್ತದೆ ಎಂದು ಕೇಳಿದೆ. ಮಾರುವವರು ಯಾರೂ ಅದನ್ನು ಕೇಳಿರಲಿಲ್ಲ. ನಾಲ್ವರು ಎಡಿಟರುಗಳು ನೆಟ್‌ವರ್ಕಿನಲ್ಲಿ ಫೈಲು ಇಡುವ ಒಂದೇ ಪೆಟ್ಟಿಗೆಯಿಂದ, ಅಂದರೆ ಎನ್‌ಎಎಸ್‌ನಿಂದ ನೇರವಾಗಿ ಎಡಿಟ್ ಮಾಡಬೇಕು. ಸ್ವಿಚ್ಚಿನ ಎಂಟೂ ಪೋರ್ಟು ಗಿಗಾಬಿಟ್ಟೇ ಇರಲಿ, ಎನ್‌ಎಎಸ್‌ಗೆ ಹೋಗುವ ತಂತಿ ಒಂದೇ. ಅದರಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ, ಅದೂ ನಾಲ್ಕು ಪಾಲು. ಆದ್ದರಿಂದ ಎನ್‌ಎಎಸ್‌ಗೆಂದೇ ಹತ್ತು ಗಿಗಾಬಿಟ್ಟಿನ ಒಂದು ಪೋರ್ಟಿದ್ದು, ಉಳಿದವು ಎರಡೂವರೆ ಗಿಗಾಬಿಟ್ಟಿನವಾದ ಸ್ವಿಚ್ಚು ನೋಡು ಎಂದೆ. ಎರಡೂವರೆಯದು 2016ರಿಂದ ಮಾನಕದಲ್ಲಿದೆ, ಒಳ್ಳೆಯ ಕ್ಯಾಟ್-5ಇ ಕೇಬಲ್ಲಿನಲ್ಲೇ ನೂರು ಮೀಟರ್ ಓಡುತ್ತದೆ. ಎನ್‌ಎಎಸ್‌ನಲ್ಲೂ ಹತ್ತರ ಪೋರ್ಟಿದೆಯೇ, ಅದರ ಡಿಸ್ಕುಗಳು ಅಷ್ಟು ವೇಗ ಕೊಡುತ್ತವೆಯೇ, ಅದನ್ನು ಮೊದಲು ನೋಡು. ಇಲ್ಲದಿದ್ದರೆ ಸ್ವಿಚ್ಚಿಗೆ ಕೊಟ್ಟ ದುಡ್ಡು ದಂಡ.

ಅವಳ ಸ್ಟುಡಿಯೊದಲ್ಲಿ ಕೇಬಲ್ ಎಳೆಯುತ್ತಿದ್ದ ದಿನ ಹೋಗಿ ನೋಡಿದೆ. ಒಂದು ತುಂಡು ಕತ್ತರಿಸಿ ತಂತಿಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆಲ್ಲ ಬೆಳ್ಳಗೆ. ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ. ಬಗ್ಗಿಸಿದರೆ ಬೇಗ ಮುರಿಯುತ್ತದೆ, ಪ್ರತಿರೋಧ ಜಾಸ್ತಿ, ಡೇಟಾ ತಂತಿಯಲ್ಲೇ ಕರೆಂಟು (ಪಿಒಇ) ಹರಿಸಿದರೆ ಕಾಯುತ್ತದೆ. ಡಬ್ಬದ ಮೇಲೆ ಮಾತ್ರ ದಪ್ಪಕ್ಷರದಲ್ಲಿ ಕ್ಯಾಟ್-6. “ಎಲ್ಲರೂ ಇದನ್ನೇ ಹಾಕಿಸ್ತಾರೆ ಸಾರ್, ಕ್ಯಾಮೆರಾಕ್ಕೂ ಇದೇ” ಎಂದ ಕೇಬಲ್ ಎಳೆಯುತ್ತಿದ್ದ ಹುಡುಗ. ಅವನ ಮೇಲೆ ಸಿಟ್ಟು ಬರಲಿಲ್ಲ. ಪಾಯಿಂಟಿಗೆ ಇಷ್ಟು ಎಂದು ಕೂಲಿ; ತಂತಿ ಕೆರೆದು ನೋಡು ಎಂದು ಅವನಿಗೆ ಹೇಳಿಕೊಟ್ಟವರಿಲ್ಲ. ಸಿಟ್ಟು ಬಂದದ್ದು ಆ ಡಬ್ಬದ ಮೇಲೆ ಸುಳ್ಳು ಅಚ್ಚು ಹಾಕಿದವರ ಮೇಲೆ, ಗೊತ್ತಿದ್ದೂ ಮಾರಿದವರ ಮೇಲೆ. ಗೋಡೆಯೊಳಗೆ ಹೋದ ತಂತಿಯನ್ನು ಯಾರೂ ತೆಗೆದು ನೋಡುವುದಿಲ್ಲವೆಂಬ ಧೈರ್ಯ ಅವರಿಗೆ.

ಡಬ್ಬಗಳು ವಾಪಸು ಹೋದವು. ಅಪ್ಪಟ ತಾಮ್ರದ ಕೇಬಲ್ಲಿನ ಬೆಲೆ ಕೇಳಿ ಅಕ್ಕನ ಮಗಳ ಮುಖ ಸಣ್ಣದಾಯಿತು. ಆದರೂ ಕೊಟ್ಟಳು.