ಉಳವಿಯ ಹಾದಿಯಲ್ಲಿ ನಾಲ್ಕನೆಯ ದಿನ

ಕೂಡಲಸಂಗಮದಿಂದ ಉಳವಿಗೆ ಸೈಕಲ್ ಯಾತ್ರೆ ಕೈಗೊಳ್ಳುವವರಿಗೆ ಮೊದಲ ಮೂರು ದಿನಗಳು ಅಂತಹ ಕಷ್ಟವೆನಿಸುವುದಿಲ್ಲ. ಹೆಚ್ಚಿನದೆಲ್ಲ ಬಯಲುಸೀಮೆಯ ರಸ್ತೆ. ದಾರಿಯ ಊರುಗಳಲ್ಲಿ ಮಠಗಳುಂಟು, ಪ್ರಸಾದಕ್ಕೆ ಕೊರತೆಯಿಲ್ಲ. ಮುರಗೋಡ, ಕಾದರವಳ್ಳಿ, ಕಿತ್ತೂರು, ಕಕ್ಕೇರಿ ಎಂದು ಹೆಸರುಗಳನ್ನು ಎಣಿಸುತ್ತ ಹೋದರೆ, ಕಲ್ಯಾಣಕ್ರಾಂತಿಯ ತರುವಾಯ ಶರಣರು ವಚನದ ಕಟ್ಟುಗಳನ್ನು ಹೊತ್ತು ನಡೆದರೆಂದು ಹಿರಿಯರು ಹೇಳುತ್ತ ಬಂದ ದಾರಿಯೇ ಅದು. ಡೋಹರ ಕಕ್ಕಯ್ಯನವರು ಕಕ್ಕೇರಿಯಲ್ಲಿ ಐಕ್ಯರಾದರೆಂದು ಪ್ರತೀತಿ. ಹಳಿಯಾಳವನ್ನು ದಾಟಿದ ಮೇಲೆ ಮಾತ್ರ ನೆಲದ ಗುಣವೇ ಬದಲಾಗುತ್ತದೆ.

2024ರ ಫೆಬ್ರವರಿಯಲ್ಲಿ, ಭಾರತ ಹುಣ್ಣಿಮೆಗೆ ಮೂರು ದಿನ ಮುಂಚೆ, ನಾವು ಹದಿನಾಲ್ಕು ಮಂದಿ ಹಳಿಯಾಳದಿಂದ ಹೊರಟೆವು. ಉಳವಿ ಎಂಬತ್ತು ಕಿಲೋಮೀಟರಿನ ಆಸುಪಾಸು. ನಮ್ಮಲ್ಲಿ ನಾಲ್ವರು ಲಿಂಗಪೂಜೆಯಾಗದೆ ನೀರು ಮುಟ್ಟದವರು. ಹೀಗಾಗಿ ಗಾಲಿ ಉರುಳುವಾಗ ಗಂಟೆ ಎಂಟಾಗಿತ್ತು. ಕಿರಿಯರು ಗೊಣಗಿದರು. ಪೂಜೆಯನ್ನು ಅವಸರಿಸಬಾರದೆಂಬುದೇ ನನ್ನ ಅಭಿಪ್ರಾಯ. ಆದರೆ ಈ ಹಾದಿಯಲ್ಲಿ ಹೋಗುವವರು ನಾಲ್ಕಕ್ಕೇ ಏಳುವುದು ಮೇಲು.

ದಾಂಡೇಲಿಯವರೆಗೆ ಮಾತುಕತೆ ಇತ್ತು. ಪೋಟೋಲಿಯ ಕಡೆಗೆ ತಿರುಗಿದ ಮೇಲೆ ಮಾತು ನಿಂತಿತು. ಇದು 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಪಡೆದ ಕಾಡಿನ ಸೀಮೆ. ಮತ್ತಿ, ಹೊನ್ನೆ, ತೇಗ, ಬಿದಿರು. ಏರು ಮುಗಿಯಿತೆನ್ನುವಷ್ಟರಲ್ಲಿ ಇಳಿಜಾರು, ಇಳಿದು ಉಸಿರು ಬಿಡುವಷ್ಟರಲ್ಲಿ ಮತ್ತೊಂದು ಏರು. ನಮ್ಮವು ಗೇರು ಇಲ್ಲದ ಹಳೆಯ ಕಾಲದ ಸೈಕಲ್ಲುಗಳು. ಬಯಲಿನಲ್ಲಿ ಅವಕ್ಕೆ ಸಮಾನವಿಲ್ಲ. ಏರಿನಲ್ಲಿ ಪೆಡಲಿನ ಮೇಲೆ ಎದ್ದು ನಿಂತು ಮೈಭಾರವನ್ನೆಲ್ಲ ಹಾಕಿದರೂ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಎದೆ ಒಡೆಯುತ್ತದೆ. ಇಳಿಜಾರಿನಲ್ಲಿ ಬ್ರೇಕಿನ ರಬ್ಬರು ಸವೆದು ಸುಟ್ಟ ವಾಸನೆ ಬರುತ್ತಿತ್ತು. ಮಧ್ಯಾಹ್ನ ಒಬ್ಬ ಹುಡುಗನ ಫ್ರೀವೀಲು ಕೈಕೊಟ್ಟಿತು. ಒತ್ತಿದರೂ ಹಿಂದಿನ ಗಾಲಿ ಕಚ್ಚಿಕೊಳ್ಳದು. ಅಲ್ಲಿಂದ ಮುಂದೆ ಅವನು ತಳ್ಳಿಕೊಂಡೇ ನಡೆದ.

ನಿಜವಾದ ಪರೀಕ್ಷೆ ಬಂದುದು ಗುಂದ ಇನ್ನೂ ದೂರವಿರುವಾಗ. ನಮ್ಮ ತಂಡದ ಹಿರಿಯರು, ಅರವತ್ತೇಳರ ನಿವೃತ್ತ ಶಾಲಾ ಮಾಸ್ತರರು, ಏರಿನ ಮಧ್ಯೆ ಸೈಕಲ್ ಇಳಿದು ರಸ್ತೆಯಂಚಿನಲ್ಲಿ ಕುಳಿತುಬಿಟ್ಟರು. ಎರಡೂ ಮೀನಖಂಡಗಳು ಕಲ್ಲಿನಂತೆ ಸೆಟೆದಿದ್ದವು. ಉಪ್ಪು, ಲಿಂಬೆ ಹಾಕಿದ ನೀರು ಕುಡಿಸಿ ಕಾಲು ತಿಕ್ಕಿದೆವು. ಗಂಟೆ ನಾಲ್ಕೂವರೆ. ಮೊಬೈಲಿಗೆ ಸಂಕೇತವಿಲ್ಲ. ಅಲ್ಲಿಯೇ ತಂಡ ಎರಡಾಯಿತು. ಬೆಳಕಿರುವಾಗಲೇ ಆರೇಳು ಜನ ಮುಂದೆ ಹೋಗಿ ಉಳವಿಯಿಂದ ವಾಹನ ಕಳಿಸುವುದು ಜಾಣತನವೆಂದು ಕೆಲವರು. ಸಂಗಮದಲ್ಲಿ ಒಟ್ಟಿಗೆ ಹೊರಟವರು ಒಟ್ಟಿಗೇ ಸೇರಬೇಕೆಂದು ಉಳಿದವರು. ಎರಡೂ ಮಾತಿನಲ್ಲಿ ನ್ಯಾಯವಿತ್ತು. ದನಿಗಳು ಏರಿದವು. ಮಾಸ್ತರರು ಮಾತ್ರ, "ನನ್ನ ಸಲುವಾಗಿ ಯಾರೂ ನಿಲ್ಲಬೇಡಿರಿ, ನಾನು ನಡೆದೇ ಬರುತ್ತೇನೆ" ಎಂದು ಹಟ ಹಿಡಿದರು.

ಆ ಹೊತ್ತಿಗೆ ಹಿಂದಿನಿಂದ ಗೆಜ್ಜೆಸರದ ಸದ್ದು ಕೇಳಿಸಿತು. ಜಾತ್ರೆಗೆ ಹೊರಟ ಚಕ್ಕಡಿಗಳು, ಮೂರು. ಬೈಲಹೊಂಗಲದ ಕಡೆಯ ಒಕ್ಕಲು ಮನೆತನದವರು. ನಮ್ಮನ್ನು ಕಂಡು ಬಂಡಿ ನಿಲ್ಲಿಸಿ, ಕೇಳುವ ಮೊದಲೇ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮಾದಲಿಯ ಗಂಟು ಬಿಚ್ಚಿದರು. ಮಾಸ್ತರರನ್ನು ಬಂಡಿಯಲ್ಲಿ ಕೂಡ್ರಲು ಕರೆದರೆ ಅವರು ಒಲ್ಲೆನೆಂದರು. ಸೈಕಲ್ಲಿನ ಮೇಲೆಯೇ ಉಳವಿ ಮುಟ್ಟುವುದಾಗಿ ಸಂಕಲ್ಪ ಮಾಡಿದ್ದಾರಂತೆ! ಇಷ್ಟಲಿಂಗವನ್ನು ಅಂಗೈಯಲ್ಲಿ ಧರಿಸಿದವರಿಗೆ ಕ್ಷೇತ್ರಯಾತ್ರೆ ಏಕೆಂದು ಕೇಳುವವರು ನಮ್ಮಲ್ಲಿದ್ದಾರೆ; ಅದು ಕೇಳತಕ್ಕ ಪ್ರಶ್ನೆಯೇ. ದೇಹದಂಡನೆಯೇ ಭಕ್ತಿಯೆಂಬುದನ್ನಂತೂ ಶರಣರು ಒಪ್ಪಿದವರಲ್ಲ. ಇದನ್ನು ನಾನು ಹೇಗೆ ಹೇಳಲೆಂದು ಯೋಚಿಸುತ್ತಿರುವಾಗಲೇ ಬಂಡಿಯಲ್ಲಿದ್ದ ಅಜ್ಜಿಯೊಬ್ಬರು, "ಯಪ್ಪಾ, ನೀ ಚನ್ನಬಸವಣ್ಣನ್ನ ನೋಡಾಕ ಹೊಂಟೀಯೋ, ಅವಗ ಸೈಕಲ್ ತೋರಸಾಕ ಹೊಂಟೀಯೋ?" ಎಂದು ಕೇಳಿದರು. ಮಾಸ್ತರರಿಗೆ ನಗು ತಡೆಯಲಾಗಲಿಲ್ಲ. ಎದ್ದು ಬಂಡಿಯೇರಿದರು. ಅವರ ಸೈಕಲ್ಲೂ, ಫ್ರೀವೀಲು ಕೆಟ್ಟ ಸೈಕಲ್ಲೂ ಹೊಟ್ಟಿನ ಚೀಲಗಳ ಮೇಲೆ ಏರಿದವು.

ಮುಂದೆ ಹೋಗುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಎತ್ತಿನ ನಡಿಗೆಗೆ ಸರಿಯಾಗಿ ಸೈಕಲ್ ಓಡಿಸಲು ಬಾರದು, ತೂಕ ತಪ್ಪುತ್ತದೆ. ಆದುದರಿಂದ ಎಲ್ಲರೂ ಇಳಿದು ನಡೆದೆವು. ಏರಿನಲ್ಲಿ ಎತ್ತುಗಳು ಮೊಣಕಾಲೂರುವಂತಾದಾಗ ಬಂಡಿಗೆ ಹೆಗಲು ಕೊಟ್ಟೆವು. ಇಳಿಜಾರಿನಲ್ಲಿ ಹಿಂದಿನಿಂದ ಹಗ್ಗ ಹಿಡಿದು ಜಗ್ಗಿದೆವು. ಹೊತ್ತು ಮುಳುಗುವ ಮೊದಲೇ ಚಂದ್ರ ಮೇಲೆ ಬಂದಿದ್ದನಾದರೂ ಬೆಳದಿಂಗಳು ಎಲೆಗಳ ಸಂದಿಯಿಂದ ಚೂರುಚೂರಾಗಿ ಮಾತ್ರ ಬೀಳುತ್ತಿತ್ತು. ಹಗಲೆಲ್ಲ ಬೆವರಿದ ಮೈಗೆ ಚಳಿ ಹತ್ತಿತು. ಮಕ್ಕಳು, ಮುದುಕರು, ತಾಳೆಯೋಲೆಯ ಹೊರೆ, ಬೆನ್ನಟ್ಟಿದ ಸೈನ್ಯ: ಆ ಶರಣರು ಇಲ್ಲಿ ಎಷ್ಟು ಬೇಗ ನಡೆದಿದ್ದಾರು ಎಂದು ಹುಡುಗನೊಬ್ಬ ಕೇಳಿದ. ಯಾರೂ ಉತ್ತರ ಕೊಡಲಿಲ್ಲ.

ಉಳವಿ ಮುಟ್ಟಿದಾಗ ರಾತ್ರಿ ಹನ್ನೊಂದು ಸಮೀಪಿಸಿತ್ತು. ದಾಸೋಹದಲ್ಲಿ ಒಲೆ ಆರಿರಲಿಲ್ಲ. ಬಿಸಿ ಅನ್ನ, ಸಾರು ಸಿಕ್ಕಿತು. ಮರುದಿನ ನಾವು ಮಹಾಮನೆ ಗವಿ, ಅಕ್ಕನಾಗಮ್ಮನ ಗವಿ, ವಿಭೂತಿ ಕಣಜಗಳನ್ನು ನೋಡಲು ಹೊರಟಾಗ ಮಾಸ್ತರರು ಜೊತೆಗಿರಲಿಲ್ಲ. ವಿಚಾರಿಸಿದರೆ, ಕುಂಟುತ್ತಲೇ ಚಕ್ಕಡಿಯವರ ಬಿಡಾರಕ್ಕೆ ಹೋಗಿ ಆ ಎತ್ತುಗಳಿಗೆ ನೀರು ಕುಡಿಸುತ್ತಿದ್ದಾರೆಂದು ತಿಳಿಯಿತು.