ನಾಳೆ ಕರೆಂಟ್ ಇರಲ್ಲ ಅಂತ ಯಾರು ಹೇಳಬೇಕು?

ಕಳೆದ ಬೇಸಿಗೆಯ ಕೊನೆ. ಬೆಳಿಗ್ಗೆ ಹತ್ತಕ್ಕೆ ಕರೆಂಟ್ ಹೋಯಿತು. ಹೋಗುತ್ತೆ, ಬರುತ್ತೆ ಅಂದುಕೊಂಡು ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಹನ್ನೆರಡಾಯಿತು, ಎರಡಾಯಿತು. ಟ್ಯಾಂಕ್ ಖಾಲಿ ಅಂತ ನೀರುಗಂಟಿ ಹೇಳಿ ಹೋದ. ಅಮ್ಮ ದೋಸೆಗೆ ನೆನೆಹಾಕಿದ್ದ ಅಕ್ಕಿ, ಉದ್ದು ಹಾಗೇ ಕೂತಿತ್ತು. ಅದನ್ನೆಲ್ಲ ಹೇಗೋ ಸಹಿಸಬಹುದು. ಆದರೆ ಮೂರು ಗಂಟೆ ಹೊತ್ತಿಗೆ ಅಜ್ಜಿಗೆ ಉಬ್ಬಸ ಶುರುವಾಯಿತು.

ಅಜ್ಜಿಗೆ ದಿನಕ್ಕೆ ಎರಡು ಸಲ ನೆಬ್ಯುಲೈಸರ್ ಹಿಡಿಯಬೇಕು. ಮಷೀನ್ ಇದೆ, ಔಷಧಿ ಇದೆ, ಕರೆಂಟ್ ಮಾತ್ರ ಇಲ್ಲ. ಪಕ್ಕದ ಮನೆಯವರ ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅಜ್ಜಿ ನಮ್ಮ ಕೈ ಬಿಡಲಿಲ್ಲ. ರಾತ್ರಿ ಮನೆಗೆ ಬಂದಾಗ ದೀಪ ಉರಿಯುತ್ತಿತ್ತು.

ಮಾರನೇ ದಿನ ಸಿಟ್ಟಿನಲ್ಲೇ ವಿದ್ಯುತ್ ಕಚೇರಿಗೆ ಹೋದೆವು. "ಪೇಪರಲ್ಲಿ ಹಾಕಿಸಿದ್ವಲ್ಲ, ನೋಡ್ಲಿಲ್ವಾ?" ಅಂದರು. ಟೀ ಅಂಗಡಿಯ ಹಳೇ ಪೇಪರ್ ಹುಡುಕಿದೆವು. ನಾಲ್ಕು ಸಾಲಿನ ಪ್ರಕಟಣೆ ಸಿಕ್ಕಿತು. ಸಬ್‌ಸ್ಟೇಷನ್ ಹೆಸರು, ಫೀಡರ್ ಹೆಸರು, ಕೊನೆಗೆ "ಮತ್ತು ಸುತ್ತಮುತ್ತಲಿನ ಗ್ರಾಮಗಳು". ಆ ಸುತ್ತಮುತ್ತಲಿನಲ್ಲಿ ನಮ್ಮೂರೂ ಇತ್ತು. ಪತ್ರಿಕೋದ್ಯಮ ಓದಿ ಬಂದ ನಮಗೇ ನಮ್ಮೂರಿನ ಫೀಡರ್ ಯಾವುದು ಅಂತ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಅಲ್ಲೇ ಟೀ ಕುಡಿಯುತ್ತಿದ್ದ ಲೈನ್‌ಮನ್ ನಮ್ಮ ಮಾತು ಕೇಳಿಸಿಕೊಂಡರು. "ಏನ್ರಪ್ಪಾ, ಕರೆಂಟ್ ತೆಗೀದೆ ಕಂಬ ಹತ್ತೋಕಾಗುತ್ತಾ?" ಅಂದರು. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆ ಕಡಿಯಬೇಕು, ಬಿರುಕು ಬಿಟ್ಟ ಇನ್ಸುಲೇಟರ್ ಬದಲಿಸಬೇಕು, ಸಡಿಲವಾದ ಜಂಪರ್ ಬಿಗಿಯಬೇಕು, ಟಿ.ಸಿ.ಯಲ್ಲಿ ಎಣ್ಣೆ ನೋಡಬೇಕು. ಮೇಲಿನ ತಂತಿಯಲ್ಲಿ ಇರುವುದು 11,000 ವೋಲ್ಟ್. ಸಬ್‌ಸ್ಟೇಷನ್‌ನಿಂದ ‘ಲೈನ್ ಕ್ಲಿಯರ್’ ಸಿಕ್ಕ ಮೇಲೆಯೇ ಅವರು ಕಂಬ ಹತ್ತಬೇಕು. ಅಷ್ಟಾದರೂ ಅವರಿಗೆ ಇನ್ನೊಂದು ಭಯ ಇದೆ. ಯಾರಾದರೂ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಗೆ ಜನರೇಟರ್ ಜೋಡಿಸಿದರೆ ಆ ಕರೆಂಟ್ ಹಿಂದಕ್ಕೆ ಹರಿದು, ಟಿ.ಸಿ. ಹಾದು, ಮತ್ತೆ ಸಾವಿರಾರು ವೋಲ್ಟ್ ಆಗಿ ಅವರ ಕೈಯಲ್ಲಿರುವ ತಂತಿಗೇ ಬರಬಹುದು.

ನಮ್ಮ ಸಿಟ್ಟು ಅರ್ಧ ಇಳಿಯಿತು. ಕರೆಂಟ್ ತೆಗೆಯುವುದು ತಪ್ಪಲ್ಲ, ಹೇಳದೆ ತೆಗೆಯುವುದು ತಪ್ಪು. ಉಳಿದರ್ಧ ಸಿಟ್ಟಿನಲ್ಲಿ ನಿಯಮ ಓದಿದೆವು.

ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ, ಮೊದಲೇ ಗೊತ್ತುಮಾಡಿದ ಕಡಿತದ ವಿವರವನ್ನು ಗ್ರಾಹಕರಿಗೆ ತಿಳಿಸಬೇಕು. ಇದ್ದಕ್ಕಿದ್ದಂತೆ ಕೆಟ್ಟು ಹೋದರೆ, ಯಾವಾಗ ಬರಬಹುದು ಅನ್ನುವ ಅಂದಾಜಿನ ಜೊತೆ ಎಸ್‌ಎಂಎಸ್ ಅಥವಾ ಅಂಥದ್ದೇ ದಾರಿಯಲ್ಲಿ ಕೂಡಲೇ ತಿಳಿಸಬೇಕು. ನಮ್ಮ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮಾನದಂಡದಲ್ಲಿ, ನಿರ್ವಹಣೆಗೆಂದು ತೆಗೆದ ಕರೆಂಟ್ ಒಂದೇ ಸಲಕ್ಕೆ 12 ಗಂಟೆ ಮೀರಬಾರದು, ಸಂಜೆ 6ರೊಳಗೆ ವಾಪಸ್ ಕೊಡಬೇಕು. ಹಳ್ಳಿಯಲ್ಲಿ ಟಿ.ಸಿ. ಸುಟ್ಟರೆ 72 ಗಂಟೆಯೊಳಗೆ ಸರಿಮಾಡಬೇಕು.

ಹಾಗಾಗದಿದ್ದರೆ 1912ಕ್ಕೆ ಫೋನ್ ಮಾಡಿ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ, ಅದಿಲ್ಲದಿದ್ದರೆ ನೀವು ಫೋನ್ ಮಾಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಆಮೇಲೆ ಉಪವಿಭಾಗದ ಕಚೇರಿಗೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಬಿಲ್ ತೆಗೆದು ನೋಡಿದೆವು. ಮೀಟರ್ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದೆ. ಆರ್.ಆರ್. ನಂಬರಿಗೆ ಯಾರ ಮೊಬೈಲೂ ಸೇರಿಲ್ಲ. ಎಸ್‌ಎಂಎಸ್ ಬರುವುದಾದರೂ ಯಾರಿಗೆ? ಬಿಲ್ ಹಿಡಿದು ಕಚೇರಿಗೆ ಹೋಗಿ ನಂಬರ್ ಸೇರಿಸಿದೆವು. ಫೀಡರ್ ಹೆಸರು ಕೇಳಿಕೊಂಡು ಬಂದು ಹಾಲಿನ ಡೇರಿಯ ಬೋರ್ಡಿನಲ್ಲಿ ಬರೆದೆವು. ಊರಿನ ವಾಟ್ಸಾಪ್ ಗ್ರೂಪಿಗೂ ಹಾಕಿದೆವು. ನಿಮ್ಮ ಬಿಲ್ಲನ್ನೂ ಈಗಲೇ ಒಮ್ಮೆ ನೋಡಿ.

ಈ ವರ್ಷ ಕಡಿತದ ಹಿಂದಿನ ದಿನವೇ ಎಸ್‌ಎಂಎಸ್ ಬಂತು. ನೀರುಗಂಟಿ ರಾತ್ರಿಯೇ ಟ್ಯಾಂಕ್ ತುಂಬಿಸಿದ. ಅಮ್ಮ ಬೆಳಿಗ್ಗೆ ಬೇಗ ಹಿಟ್ಟು ರುಬ್ಬಿದಳು. ಅಜ್ಜಿಗೆ ಒಂಬತ್ತಕ್ಕೇ ನೆಬ್ಯುಲೈಸರ್ ಹಿಡಿದು, ಮಧ್ಯಾಹ್ನ ಬೇಕಾದರೆ ಅಂತ ಇನ್ವರ್ಟರ್ ಇರುವ ಮನೆಯವರಿಗೆ ಹೇಳಿಟ್ಟೆವು. ಆರು ದಾಟಿದರೂ ಕರೆಂಟ್ ಬರಲಿಲ್ಲ. 1912ಕ್ಕೆ ಫೋನ್ ಮಾಡಿ ಸಂಖ್ಯೆ ಬರೆದುಕೊಂಡೆವು. ಏಳಕ್ಕೆ ಮುಂಚೆ ಬಂತು.

ನಮ್ಮ ಮನೆ ಮುಂದಿನ ಕಂಬದಿಂದ ಅದೇ ಲೈನ್‌ಮನ್ ಇಳಿಯುತ್ತಿದ್ದರು. ಅಜ್ಜಿ ಒಂದು ಚೊಂಬು ಮಜ್ಜಿಗೆ ಕೊಟ್ಟು ಕಳಿಸಿದಳು. "ಹೋದ ವರ್ಷ ಬೈದಿದ್ದೆಯಲ್ಲ ಅಜ್ಜಿ" ಅಂತ ನಾವು ನಕ್ಕರೆ, "ಈ ಸಲ ಹೇಳಿದ್ರಲ್ಲೋ" ಅಂದಳು.